ಆಟ ನೋಡುವವರ ಕೈಗೆ ಲೆಕ್ಕದ ಪುಸ್ತಕ

(ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಕಾಲ್ಚೆಂಡಾಟದ ಮೇಲೆ ಮಾತನಾಡುತ್ತೇವೆಂದು ಹೇಳಿಕಳಿಸಿದಾಗ, ಕೂಲಿ, ಬೋನಸ್ಸು, ತೆರಿಗೆಗಳ ಮಾತು ಬಿಟ್ಟು ಇದೇಕೆ ಎಂದು ಕೆಲವರು ಕೇಳಿದರಂತೆ. ನ್ಯಾಯವಾದ ಪ್ರಶ್ನೆಯೇ. ಆದರೆ ಆಟದ ಬಯಲಿನಲ್ಲಿಯೂ ಒಡೆತನದ ಪ್ರಶ್ನೆ ಇದೆ. ಕಾಸು ಕೊಟ್ಟು ಟಿಕೆಟು ಕೊಳ್ಳುವವರು ನಾವು, ಮಳೆಯಲ್ಲಿ ನೆನೆದು ಗಂಟಲು ಹರಿಯುವಂತೆ ಕೂಗುವವರು ನಾವು, ತಂಡ ಸೋತ ರಾತ್ರಿ ಅನ್ನ ಸೇರದವರೂ ನಾವೇ. ತಂಡ ಮಾತ್ರ ಇನ್ನೊಬ್ಬರ ಸೊತ್ತು!

ಈ ಆಟ ಬೆಳೆದ ಇಂಗ್ಲೆಂಡಿನಲ್ಲಿ ದೊಡ್ಡ ಕ್ಲಬ್ಬುಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೇ ಲಿಮಿಟೆಡ್ ಕಂಪೆನಿಗಳಾಗತೊಡಗಿದ್ದವು. ಆದರೂ ಅಲ್ಲಿನ ಫುಟ್‌ಬಾಲ್ ಸಂಸ್ಥೆ ಒಂದು ಕಟ್ಟು ಹಾಕಿತ್ತು: ಷೇರುದಾರರ ಲಾಭಾಂಶಕ್ಕೆ ಮಿತಿ, ಡೈರೆಕ್ಟರುಗಳಿಗೆ ಸಂಬಳವಿಲ್ಲ. 1983ರಲ್ಲಿ ಲಂಡನ್ನಿನ ಟಾಟೆನ್‌ಹ್ಯಾಮ್ ಕ್ಲಬ್ಬು ತನ್ನ ಮೇಲೆ ಇನ್ನೊಂದು ಕಂಪೆನಿ ಕಟ್ಟಿ, ಅದರ ಷೇರುಗಳನ್ನು ಪೇಟೆಗೆ ಬಿಟ್ಟು, ಆ ಕಟ್ಟನ್ನು ಪಕ್ಕದಿಂದ ದಾಟಿತು. ಬೇಲಿ ಮುರಿದ ಮೇಲೆ ಹೊಲಕ್ಕೆ ನುಗ್ಗುವ ದನಗಳಿಗೆ ಲೆಕ್ಕವುಂಟೆ?

ಲ್ಯಾಂಕಷೈರಿನ ಹತ್ತಿಗಿರಣಿಗಳ ಸೀಮೆಯಲ್ಲಿ ಬೆರಿ ಎಂಬ ಊರಿದೆ. ಅದರ ಕ್ಲಬ್ಬು ಹುಟ್ಟಿದ್ದು 1885ರಲ್ಲಿ. 1894ರಿಂದ ಲೀಗಿನಲ್ಲಿ ಆಡುತ್ತಿತ್ತು. 2018ರ ಡಿಸೆಂಬರಿನಲ್ಲಿ ಆ ಕ್ಲಬ್ಬು ಒಂದೇ ಒಂದು ಪೌಂಡಿಗೆ ಕೈ ಬದಲಾಯಿಸಿತು. ಮರುವರ್ಷ ಆಗಸ್ಟಿನಲ್ಲಿ, ಕ್ಲಬ್ಬಿನ ಹಣಕಾಸು ನೆಟ್ಟಗಿಲ್ಲವೆಂದು ಲೀಗು ಅದನ್ನು ಹೊರಹಾಕಿತು. ಮೂರು ನಾಲ್ಕು ತಲೆಮಾರಿನವರು ಶನಿವಾರ ಸಂಜೆ ಹೋಗುತ್ತಿದ್ದ ಬಯಲಿಗೆ ಬೀಗ ಬಿತ್ತು. ಮಾರಿದವರನ್ನಾಗಲಿ ಕೊಂಡವರನ್ನಾಗಲಿ ಆರಿಸುವ ಓಟು ಆ ಜನಕ್ಕಿರಲಿಲ್ಲ.

ಇನ್ನೊಂದು ಊರಿನ ಕತೆ ಬೇರೆ. ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಡೆವನ್ ಸೀಮೆಯ ಮುಖ್ಯ ಪಟ್ಟಣ ಎಕ್ಸೆಟರ್. ದೊಡ್ಡ ಊರಲ್ಲ, ದೊಡ್ಡ ತಂಡವೂ ಅಲ್ಲ. ಆದರೂ 1914ರಲ್ಲಿ ರಿಯೊ ನಗರಕ್ಕೆ ಹೋಗಿ ಬ್ರೆಜಿಲ್ ತಂಡದ ಮೊಟ್ಟಮೊದಲ ಪಂದ್ಯದಲ್ಲಿ ಎದುರಾಳಿಯಾಗಿ ಆಡಿದ ತಂಡವೇ ಇದು. ಎರಡು ಗೋಲುಗಳಿಂದ ಸೋತಿತು, ಅದಿರಲಿ.

2002ರಲ್ಲಿ ಈ ಕ್ಲಬ್ಬಿಗೆ ಹೊಸ ಯಜಮಾನರು ಬಂದರು. ಚಮಚ ಬಗ್ಗಿಸಿ ಹೆಸರಾದ ಯೂರಿ ಗೆಲ್ಲರ್ ಕ್ಲಬ್ಬಿನೊಂದಿಗೆ ಸೇರಿಕೊಂಡರು. ಅವರ ಜತೆಯಲ್ಲಿ ಗಾಯಕ ಮೈಕೆಲ್ ಜಾಕ್ಸನ್ನೇ ಬಯಲಿಗೆ ಬಂದು ಗೌರವ ಡೈರೆಕ್ಟರಾದರು. ಜಾತ್ರೆ ಭರ್ಜರಿಯಾಗಿಯೇ ನಡೆಯಿತು. ಮರುವರ್ಷ 2003ರ ಮೇ ತಿಂಗಳಲ್ಲಿ, 1920ರಿಂದ ಇದ್ದ ಲೀಗಿನಿಂದ ತಂಡ ಕೆಳಗುರುಳಿತು. ಕ್ಲಬ್ಬು ನಡೆಸುತ್ತಿದ್ದ ಇಬ್ಬರು ಮೋಸದ ವ್ಯವಹಾರದ ಆಪಾದನೆಯ ಮೇಲೆ ಬಂಧಿತರಾದರು. ಮುಂದೆ ಅಪರಾಧವೂ ಸ್ಥಿರಪಟ್ಟಿತು. ಉಳಿದದ್ದು ಲಕ್ಷಾಂತರ ಪೌಂಡಿನ ಸಾಲ.

ಆಗ ಕ್ಲಬ್ಬಿನ ಹೆಚ್ಚಿನ ಪಾಲನ್ನು ಕೈಗೆ ತೆಗೆದುಕೊಂಡವರು ಅಭಿಮಾನಿಗಳ ಸಂಘದವರು. ಬೆರಿಗೆ ಹತ್ತಿರದ ರಾಚ್‌ಡೇಲಿನಲ್ಲಿ ನೇಕಾರರೂ ಇತರ ಕಸುಬಿನವರೂ ಕೂಡಿ 1844ರಲ್ಲಿ ತೆರೆದ ಸಹಕಾರಿ ಅಂಗಡಿಯ ಕಟ್ಟಳೆಯೇ ಇಲ್ಲಿಯೂ: ಒಬ್ಬ ಸದಸ್ಯನಿಗೆ ಒಂದೇ ಓಟು, ಕೊಟ್ಟ ಹಣ ಎಷ್ಟೇ ಇರಲಿ. ಸದಸ್ಯರು ತಮ್ಮ ಕಮಿಟಿಯನ್ನು ಆರಿಸುತ್ತಾರೆ. ಕ್ಲಬ್ಬಿನ ಆಡಳಿತ ಮಂಡಲಿಗೆ ಆ ಕಮಿಟಿಯಿಂದ ಜನ ಹೋಗುತ್ತಾರೆ.

ಹುಡುಗತನದಿಂದ ಕಟಾಂಜನಕ್ಕೆ ಒರಗಿ ನಿಂತು ರೆಫರಿಯನ್ನು ಬೈದ ಮನುಷ್ಯ ಕಮಿಟಿಯ ಮೇಜಿನ ಮುಂದೆ ಕುಳಿತರೆ ಏನಾಗುತ್ತದೆ? ಮೊದಲು ಅವನ ಕಣ್ಣಿಗೆ ಬೀಳುವುದು ಗೋಲಲ್ಲ, ಬಿಲ್ಲು. ಕರೆಂಟು, ವಿಮೆ, ಪೋಲೀಸರ ಖರ್ಚು, ಸೋರುವ ಮಾಡು. ಹಗಲು ತನ್ನ ಕೆಲಸ, ರಾತ್ರಿ ಸಂಬಳವಿಲ್ಲದ ಮೀಟಿಂಗು. ನಮ್ಮ ಯೂನಿಯನ್ನಿನ ಖಜಾಂಚಿಗಳಿಗೆ ಈ ಸುಖವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಯವರು ಕೇಳಬೇಕಾದ ಸಂಗತಿಯೊಂದಿದೆ. ಇಂಗ್ಲೆಂಡಿನಲ್ಲಿ ಕ್ಲಬ್ಬು ದಿವಾಳಿಗೆ ಬಂದರೆ ಆಟಗಾರರ ಬಾಕಿ, ಇತರ ಕ್ಲಬ್ಬುಗಳ ಬಾಕಿ ಪೂರ್ತಿ ಸಲ್ಲಬೇಕೆಂಬುದು ಲೀಗಿನ ನಿಯಮ. ರೊಟ್ಟಿ ಕೊಟ್ಟವನಿಗೆ, ಕರಪತ್ರ ಅಚ್ಚುಹಾಕಿದವನಿಗೆ, ಮಾಡು ರಿಪೇರಿ ಮಾಡಿದವನಿಗೆ ಸಾಮಾನ್ಯವಾಗಿ ರೂಪಾಯಿಗೆ ಕೆಲವು ಪೈಸೆಗಳ ರಾಜಿಯೇ ಗತಿ. ಯಾವ ಕ್ಲಬ್ಬಿನ ಕಷ್ಟಕ್ಕೆ ನಾವು ಕಣ್ಣೀರು ಸುರಿಸುವ ಮೊದಲು, ಅದರಿಂದ ನೊಂದ ಸಣ್ಣ ವ್ಯಾಪಾರಿಯನ್ನು ನೆನೆಯುವುದು ಒಳ್ಳೆಯದು.

ಎಕ್ಸೆಟರಿಗೆ ಅದೃಷ್ಟವೂ ಒದಗಿತು. 2005ರ ಜನವರಿಯಲ್ಲಿ, ಐದನೆಯ ದರ್ಜೆಯಲ್ಲಿದ್ದ ಈ ತಂಡ ಎಫ್.ಎ. ಕಪ್ಪಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಬಯಲಿನಲ್ಲೇ, ಅರವತ್ತೇಳು ಸಾವಿರ ಜನರ ಮುಂದೆ, ಗೋಲಿಲ್ಲದ ಸಮ ಸಾಧಿಸಿತು. ಮರುಪಂದ್ಯ ತನ್ನ ಊರಿನಲ್ಲಿ. ಸೋತರೂ ಎರಡು ಪಂದ್ಯಗಳ ಬಾಗಿಲುಹಣ, ಟೆಲಿವಿಷನ್ ಹಣ ಬಂತು. ಅದರಿಂದ ಸಾಲ ತೀರಿತು. ಅಷ್ಟು ಹಣ ಕೈಗೆ ಬಂದಾಗ, ಹೊಸ ಆಟಗಾರನನ್ನು ಕೊಳ್ಳಿ ಎಂದು ಯಾವ ಅಭಿಮಾನಿಯ ಮನಸ್ಸು ಕೂಗದು? ಹಾಗೆ ಮಾಡದಿದ್ದದ್ದೇ ಅವರ ದೊಡ್ಡ ಗೆಲುವೆಂದು ನಾವು ಎಣಿಸುತ್ತೇವೆ. 2008ರಲ್ಲಿ ತಂಡ ಲೀಗಿಗೆ ಮರಳಿತು, ಮರುವರ್ಷ ಇನ್ನೊಂದು ಮೆಟ್ಟಿಲು ಏರಿತು.

ಅದಕ್ಕಿಂತ ಕಠಿಣವಾದ ಪರೀಕ್ಷೆ ಆಟಗಾರನನ್ನು ಮಾರುವುದು. ಡೆವನ್ ಸೀಮೆಯ ಹುಡುಗ ಆಲಿ ವಾಟ್ಕಿನ್ಸ್ ಈ ಕ್ಲಬ್ಬಿನ ತಾಲೀಮಿನಲ್ಲೇ ಬೆಳೆದವನು. ನಮ್ಮ ಕಣ್ಣೆದುರು ಬೆಳೆದ ಪೈಲ್ವಾನನನ್ನು ಪಕ್ಕದೂರಿನ ಗರಡಿಗೆ ಬಿಟ್ಟುಕೊಡುವ ಸಂಕಟ ಅದು. 2017ರಲ್ಲಿ ಅವನನ್ನು ಬ್ರೆಂಟ್‌ಫರ್ಡಿಗೆ ಮಾರಿದರು. ಅಭಿಮಾನಿ ಬೇಡವೆನ್ನುತ್ತಾನೆ, ಖಜಾಂಚಿ ಬೇಕೆನ್ನುತ್ತಾನೆ. ಇಬ್ಬರೂ ಒಂದೇ ಅಂಗಿಯೊಳಗೆ! ಆದರೆ ಮಾರುವಾಗ ಒಂದು ಷರತ್ತು ಬರೆಸಿದ್ದರು: ಮುಂದೆ ಯಾರಿಗಾದರೂ ಮಾರಿದರೆ ಲಾಭದಲ್ಲಿ ಪಾಲು. 2020ರಲ್ಲಿ ಆಸ್ಟನ್ ವಿಲ್ಲಾ ದೊಡ್ಡ ಬೆಲೆಗೆ ಅವನನ್ನು ಕೊಂಡಾಗ ಪಾಲು ಎಕ್ಸೆಟರಿಗೂ ಬಂತು. ರೋಗದ ಕಾಲ, ಬಯಲುಗಳಲ್ಲಿ ಜನರಿಲ್ಲದ ವರ್ಷ ಅದು.

ಎಲ್ಲ ಕಡೆಯೂ ಹೀಗೇ ನಡೆದಿದೆಯೆಂದು ನಾವು ಹೇಳುವುದಿಲ್ಲ. ಬಂದರು ಊರಾದ ಪೋರ್ಟ್ಸ್‌ಮತ್ತಿನಲ್ಲಿ ಅಭಿಮಾನಿಗಳು 2013ರಲ್ಲಿ ತಮ್ಮ ಮುಳುಗಿದ ಕ್ಲಬ್ಬನ್ನು ಎತ್ತಿ ನಿಲ್ಲಿಸಿದರು. ನಾಲ್ಕೇ ವರ್ಷಕ್ಕೆ, 2017ರಲ್ಲಿ, ಅಮೆರಿಕದ ಸಿರಿವಂತನೊಬ್ಬನಿಗೆ ಮಾರಲು ತಾವೇ ಬಹುಮತದಿಂದ ಓಟು ಹಾಕಿದರು. ಹಳೆಯ ಬಯಲು ದುರಸ್ತಿಗೆ ಬೇಕಾದಷ್ಟು ಹಣ ಜನಸಾಮಾನ್ಯರ ಜೇಬಿನಲ್ಲಿಲ್ಲ ಎಂಬುದು ಅವರ ವಾದ. ಅವರನ್ನು ದ್ರೋಹಿಗಳೆಂದು ಕರೆಯಲು ನಮಗೆ ಮನಸ್ಸಿಲ್ಲ. ಬೆರಿಯವರಿಗೆ ಇಲ್ಲದಿದ್ದ ಓಟು ಅವರಿಗಿತ್ತು. ಅದನ್ನು ಹೀಗೆ ಬಳಸಿದರು. ಆದರೆ ಒಮ್ಮೆ ಮಾರಿದ ಮೇಲೆ ಆ ಓಟು ಮತ್ತೆ ಕೈಗೆ ಬರುವುದು ಸುಲಭವಲ್ಲ.

ಎಕ್ಸೆಟರಿನವರು, ಎರಡು ದಶಕ ಕಳೆದಾಗಲೂ, ಹೆಚ್ಚಿನ ಪಾಲನ್ನು ಬಿಟ್ಟುಕೊಟ್ಟಿರಲಿಲ್ಲ. ಸಂಘದ ಕಮಿಟಿಗೆ ಚುನಾವಣೆ ಬಂದಾಗ, ಹಿಂದಿನ ಶನಿವಾರ ಅದೇ ಕಮಿಟಿಯನ್ನು ಬಾಯ್ತುಂಬ ಬೈದವನೂ ಚಂದಾ ಕಟ್ಟಿದ ಸದಸ್ಯನಾಗಿದ್ದರೆ ತಾನೇ ಅರ್ಜಿ ಹಾಕಬಹುದು.