ರಟ್ಟಿಗೆ ಬಣ್ಣ, ಫೋಟೋಗೆ ಹೆಸರು

ನೊಯ್ಡಾ, ಗುರುಗ್ರಾಮ, ದ್ವಾರಕಾ, ಗಾಜಿಯಾಬಾದ್, ಎಲ್ಲಿಂದ ನೋಡ್ತಾ ಇದ್ರೂ ಸರಿ, ಒಂದು ಹದಿನೈದು ನಿಮಿಷ ಲ್ಯಾಪ್‌ಟಾಪ್ ಪಕ್ಕಕ್ಕಿಡಿ. ಇವತ್ತು ಮಾತಾಡೋದು ಸ್ಕ್ರ್ಯಾಪ್‌ಬುಕ್ ಬಗ್ಗೆ. ಈ ಪದ ಕೇಳಿದ ತಕ್ಷಣ ಎಷ್ಟೋ ಜನಕ್ಕೆ ಸ್ಕೂಲ್ ಪ್ರಾಜೆಕ್ಟ್ ನೆನಪಾಗುತ್ತೆ. ರಾತ್ರಿ ಹತ್ತು ಗಂಟೆಗೆ ಮಗು ಬಂದು "ಅಮ್ಮಾ, ನಾಳೆಗೆ ಚಾರ್ಟ್ ಪೇಪರ್ ಬೇಕು" ಅನ್ನುತ್ತಲ್ಲ, ಅದು. ನಾನು ಹೇಳ್ತಿರೋದು ಅದಲ್ಲ. ಕಾಗದ, ಬಟ್ಟೆ ಚೂರು, ಬಣ್ಣ, ಹಳೆಯ ಲಗ್ನಪತ್ರಿಕೆ, ಬಣ್ಣ ಹಚ್ಚಿದ ರಟ್ಟಿನ ಆಕಾರಗಳು, ಇವೆಲ್ಲ ಸೇರಿಸಿ ಒಂದು ಫೋಟೋ ಸುತ್ತ ಒಂದು ಪುಟ ಕಟ್ಟೋ ಕೆಲಸ. ಇದಕ್ಕೆ ಮಿಕ್ಸೆಡ್ ಮೀಡಿಯಾ ಅಂತಾರೆ.

ಯಾಕೆ ಮಾಡಬೇಕು ಅನ್ನೋದನ್ನ ಮೊದಲು ಹೇಳಿಬಿಡ್ತೀನಿ. ನಿಮ್ಮ ಮನೆಯ ಒಂದು ಹಳೆಯ ಮದುವೆ ಫೋಟೋ ನೆನಪಿಸಿಕೊಳ್ಳಿ. ಹಿಂದಿನ ಸಾಲಿನಲ್ಲಿ ಎಡಗಡೆಯಿಂದ ಮೂರನೆಯವರು ಯಾರು? ನಿಮಗೆ ಗೊತ್ತಿರಬಹುದು. ಇಂದಿರಾಪುರದಲ್ಲೋ ಸೆಕ್ಟರ್ 62ರಲ್ಲೋ ಬೆಳೀತಿರೋ ನಿಮ್ಮ ಮಗಳಿಗೆ ಗೊತ್ತಾ? ಫೋನಿನಲ್ಲಿರೋ ಆ್ಯಪ್ ಮುಖಗಳನ್ನ ಚೆನ್ನಾಗಿ ಗುಂಪು ಮಾಡಿಕೊಡುತ್ತೆ, ಆಮೇಲೆ "ಇವರು ಯಾರು?" ಅಂತ ನಮ್ಮನ್ನೇ ಕೇಳುತ್ತೆ. ಉತ್ತರ ಗೊತ್ತಿರೋರು ಊರಲ್ಲಿದ್ದಾರೆ, ಅವರಿಗೆ ಎಪ್ಪತ್ತೈದು ದಾಟಿದೆ. ಸ್ಕ್ರ್ಯಾಪ್‌ಬುಕ್ ಆ ಉತ್ತರವನ್ನ ಅವರು ಇರುವಾಗಲೇ ಕೇಳಿ ಬರೆದಿಟ್ಟುಕೊಳ್ಳೋಕೆ ಒಂದು ನೆಪ. ಅಲಂಕಾರ ಆಮೇಲಿನದು.

ಇನ್ನು ರಟ್ಟು. ಕ್ರಾಫ್ಟ್ ಅಂಗಡಿಯವರು ಚಿಪ್‌ಬೋರ್ಡ್ ಅಂತಾರೆ. ನಮಗೆ ಅದು ನೋಟ್‌ಬುಕ್ಕಿನ ರಟ್ಟು. ಅದಕ್ಕೆ ಬಣ್ಣ ಹಚ್ಚೋದು ಪರದೇಶದ ಹವ್ಯಾಸ ಅಂತ ಅನ್ನಿಸಿದ್ರೆ ಮೈಸೂರಿನ ಗಂಜೀಫಾ ನೆನಪಿಸಿಕೊಳ್ಳಿ. ಬಟ್ಟೆ ಅಥವಾ ಕಾಗದದ ಪದರಗಳನ್ನ ಅಂಟಿನಿಂದ ಕೂಡಿಸಿ ಗಟ್ಟಿ ಮಾಡಿ, ಬಿಳಿ ಲೇಪ ಕೊಟ್ಟು, ಮೇಲೆ ಚಿತ್ರ ಬರೆದು, ಕೊನೆಗೆ ಅರಗಿನ ಲೇಪ ಹಚ್ಚಿದ ಇಸ್ಪೀಟೆಲೆ ಅದು. ಈ ಆಟದ ಎಲೆಗಳನ್ನ ಗೆಳೆಯನೊಬ್ಬನಿಗೆ ಕಳಿಸಿದ ಮಾತನ್ನ ಬಾಬರ್ ತನ್ನ ಆತ್ಮಕಥೆಯಲ್ಲಿ 1527ರಲ್ಲಿ ಬರೆದಿದ್ದಾನೆ. ಮೊಘಲರ ಗಂಜೀಫಾದಲ್ಲಿ 96 ಎಲೆ, ದಶಾವತಾರದ್ದರಲ್ಲಿ 120. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇದಕ್ಕೆ ಆಸರೆ ಕೊಟ್ಟು, ತಾವೇ ಹೊಸ ಹೊಸ ಆಟಗಳನ್ನ ರೂಪಿಸಿದ್ರು. ನಮ್ಮ ಕಾಲದಲ್ಲಿ ಆ ಕಲೆಯನ್ನ ಮತ್ತೆ ಜನರ ಮುಂದೆ ತಂದವರು ಗಂಜೀಫಾ ರಘುಪತಿ ಭಟ್ಟರು. ಗಟ್ಟಿ ತಳ, ಬಿಳಿ ಲೇಪ, ಬಣ್ಣ, ರಕ್ಷಣೆಯ ಲೇಪ. ನಾವು ಇವತ್ತು ಮಾಡೋದೂ ಇದೇ ನಾಲ್ಕು ಹಂತ.

ಸಾಮಾನು ಎಲ್ಲಿ ಸಿಗುತ್ತೆ? ಆನ್‌ಲೈನ್ ಇದ್ದೇ ಇದೆ. ಆದರೆ ದೆಹಲಿಯಲ್ಲಿದ್ದೂ ಚಾವಡಿ ಬಜಾರ್ ನೋಡದೇ ಇರಬೇಡಿ. ಹೆಸರಲ್ಲೇ ನಮ್ಮ ಚಾವಡಿ ಕೇಳಿಸುತ್ತೆ. ಕಾಗದ ಮತ್ತು ಲಗ್ನಪತ್ರಿಕೆಗಳ ದೊಡ್ಡ ಹೋಲ್‌ಸೇಲ್ ಮಾರುಕಟ್ಟೆ ಅದು. ಗುರುಗ್ರಾಮದವರಿಗೆ ಹಳದಿ ಲೈನ್ ಮೆಟ್ರೋ ನೇರ ಹೋಗುತ್ತೆ. ನೊಯ್ಡಾದವರು ನೀಲಿ ಲೈನ್‌ನಲ್ಲಿ ರಾಜೀವ್ ಚೌಕ್‌ಗೆ ಬಂದು ಬದಲಾಯಿಸಿ. ಭಾನುವಾರ ರಜೆ, ಹಾಗಾಗಿ ಶನಿವಾರ ಹೋಗಿ. ಹಿಂದಿಯಲ್ಲಿ ರಟ್ಟಿಗೆ ಗತ್ತಾ ಅಂತಾರೆ. ಗ್ರೇ ಬೋರ್ಡ್, ಒಂದೂವರೆ ಅಥವಾ ಎರಡು ಎಂಎಂ ಅಂತ ಕೇಳಿ. ಅದಕ್ಕಿಂತ ದಪ್ಪ ಇದ್ರೆ ಕೈಯಲ್ಲಿ ಕತ್ತರಿಸೋಕೆ ಕಷ್ಟ. ಅಲ್ಲಿಂದ ನಡೆದೇ ನಯೀ ಸಡಕ್‌ಗೆ ಹೋದ್ರೆ ಸ್ಟೇಷನರಿ, ಕಿನಾರಿ ಬಜಾರ್‌ಗೆ ಹೋದ್ರೆ ಜರಿ, ಗೋಟಾ, ಲೇಸು. ಪುಟಕ್ಕೆ ಕೈಕಾಗದ ಬೇಕಾದ್ರೆ ಜೈಪುರದ ಹತ್ತಿರದ ಸಾಂಗಾನೇರ್‌ದು ಕೇಳಿ. ಹತ್ತಿ ಬಟ್ಟೆ ಚೂರಿನಿಂದ ಮಾಡಿದ ಕಾಗದ ಬೇಗ ಹಳದಿ ತಿರುಗಲ್ಲ.

ಕತ್ತರಿ ಹಿಡಿಯೋ ಮೊದಲು ಒಂದೇ ಒಂದು ನಿಯಮ: ಮೂಲ ಫೋಟೋವನ್ನ ಪುಟಕ್ಕೆ ಅಂಟಿಸಬಾರದು. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಪ್ರಿಂಟ್ ಹಾಕಿಸಿ, ಆ ಪ್ರಿಂಟನ್ನ ಬಳಸಿ. ಗ್ರೇ ಬೋರ್ಡ್ ರದ್ದಿ ಕಾಗದದಿಂದ ಆಗಿದ್ದು, ಅದರಲ್ಲಿ ಆಮ್ಲದ ಅಂಶ ಇರುತ್ತೆ. ವರ್ಷಗಟ್ಟಲೆ ಅದಕ್ಕೆ ತಾಗಿಕೊಂಡಿದ್ದ ಫೋಟೋ ಹಳದಿ ಬೀಳುತ್ತೆ. ಹಳೆಯ ಅಂಟು ಪುಟದ ಆಲ್ಬಮ್‌ಗಳು, ಪ್ಲಾಸ್ಟಿಕ್ ಹಾಳೆ ಎತ್ತಿ ಒಳಗಿಡೋ ಅಂಥವು, ಅವೂ ಫೋಟೋಗೆ ಒಳ್ಳೇದಲ್ಲ. ಮೂಲ ಫೋಟೋನ ಪಾಲಿಪ್ರೊಪಿಲೀನ್ ಕವರ್‌ನಲ್ಲಿ ಬೇರೆ ಇಡಿ, ಪಿವಿಸಿ ಬೇಡ. ಇನ್ನೊಂದು ವಿಷಯ, ಮಾಲ್ ಬಿಲ್ಲು, ಎಟಿಎಂ ಚೀಟಿ ತರಹದ ನುಣುಪು ಕಾಗದದ ಅಕ್ಷರ ತಾನಾಗೇ ಅಳಿಸಿ ಹೋಗುತ್ತೆ. ಅಂಥದ್ದೇನಾದ್ರೂ ಇಡಬೇಕಿದ್ರೆ ಇವತ್ತೇ ಜೆರಾಕ್ಸ್ ಮಾಡಿಸಿ. ಊರಿಂದ ಮೊದಲ ಸಲ ಬಂದ ಕರ್ನಾಟಕ ಎಕ್ಸ್‌ಪ್ರೆಸ್‌ನ ಟಿಕೆಟ್ ಇನ್ನೂ ಇದ್ರೆ ಅದರದ್ದೂ ಒಂದು ಕಾಪಿ ಇರಲಿ.

ಈಗ ರಟ್ಟು ತಯಾರಿ. ಬೇಕಾದ ಆಕಾರ ಪೆನ್ಸಿಲ್‌ನಲ್ಲಿ ಬರೆದು, ಕಟ್ಟರ್ ಬ್ಲೇಡಿನಿಂದ ಕತ್ತರಿಸಿ. ಒಂದೇ ಏಟಿಗೆ ಒತ್ತಬೇಡಿ. ಹಗುರವಾಗಿ ನಾಲ್ಕೈದು ಸಲ ಎಳೆದ್ರೆ ಅಂಚು ನೀಟಾಗಿ ಬರುತ್ತೆ. ಅಂಚನ್ನ ಸಣ್ಣ ಮರಳು ಕಾಗದದಿಂದ ಉಜ್ಜಿ. ಆಮೇಲೆ ಜೆಸೋ. ಇದು ಬಣ್ಣಕ್ಕೆ ಮುಂಚೆ ಹಚ್ಚೋ ಬಿಳಿ ಲೇಪ. ಇದಿಲ್ಲದೆ ಬಣ್ಣ ಹಚ್ಚಿದ್ರೆ ರಟ್ಟು ಎಲ್ಲಾ ಕುಡಿದುಬಿಡುತ್ತೆ, ಬಣ್ಣ ಮಂಕಾಗುತ್ತೆ. ಮುಂದೆ, ಹಿಂದೆ, ಅಂಚು, ಎಲ್ಲಾ ಕಡೆ ಎರಡು ಕೋಟ್ ಕೊಡಿ. ಒಂದೇ ಬದಿಗೆ ಹಚ್ಚಿದ್ರೆ ಆ ಬದಿ ಹಿಗ್ಗಿ ಕುಗ್ಗಿ ರಟ್ಟು ಹಪ್ಪಳದ ತರ ಡೊಂಕಾಗುತ್ತೆ. ಪೂರ್ತಿ ಒಣಗಿದ ಮೇಲೆ ಬಟರ್ ಪೇಪರ್ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ.

ಒಂದೊಂದು ಕೋಟ್ ಒಣಗೋಕೆ ಸುಮಾರು ಅರ್ಧ ಗಂಟೆ ಬೇಕು. ಎಲ್ಲರೂ ಹೇರ್ ಡ್ರೈಯರ್ ಹಿಡಿದು ಬೇಗ ಮುಗಿಸೋಕೆ ನೋಡ್ತಾರೆ. ಬೇಡ. ಆ ಅರ್ಧ ಗಂಟೆಯಲ್ಲಿ ಊರಿಗೆ ಫೋನ್ ಮಾಡಿ. ಫೋಟೋ ವಾಟ್ಸಾಪ್‌ನಲ್ಲಿ ಕಳಿಸಿ, "ಇದರಲ್ಲಿ ಯಾರ್ಯಾರಿದ್ದಾರೆ?" ಅಂತ ಕೇಳಿ. ಕೈ ಬಣ್ಣ ಆಗಿರುತ್ತೆ, ಬೇರೆ ಕೆಲಸ ಮಾಡೋಕಾಗಲ್ಲ. "ಆರಾಮಾ? ಊಟ ಆಯ್ತಾ?" ಕೇಳಿ ಎರಡು ನಿಮಿಷಕ್ಕೆ ಇಟ್ಟುಬಿಡೋ ಫೋನ್ ಅಲ್ಲ ಇದು.

ನಮ್ಮ ಮನೆಯದ್ದೇ ಒಂದು ಪುಟ ಹೇಳ್ತೀನಿ. ಅತ್ತೆ ಇರೋದು ಧಾರವಾಡದಲ್ಲಿ. ಅವರ ಮದುವೆ ಫೋಟೋದಲ್ಲಿ ಬಲತುದಿಗೆ ಒಬ್ಬರು ನಿಂತಿದ್ದಾರೆ, ಹೆಗಲ ಮೇಲೆ ಒದ್ದೆ ಟವೆಲ್ಲು, ಮುಖದಲ್ಲಿ ಸಂಕೋಚ. ನಮ್ಮ ಮನೆಯವರೂ ಸೇರಿ ಎಲ್ಲರೂ ಅವರನ್ನ ದೂರದ ಸಂಬಂಧಿ ಅಂತಲೇ ತಿಳಿದಿದ್ರು. ಅತ್ತೆ ಫೋನಲ್ಲಿ ಹೇಳಿದ್ದು ಹೀಗೆ: "ನೋಡವಾ, ಅವರು ಸಂಬಂಧಿಕ್ರಲ್ಲ, ಅಡಗಿ ಮಾಡಾವ್ರು. ಮೂರು ದಿನಾ ಒಲಿ ಮುಂದ ನಿಂತಿದ್ರು. ಫೋಟೋಕ್ಕ ನಾ ಬರಂಗಿಲ್ಲ ಅಂದ್ರು. ನಮ್ಮ ಮಾವನೋರು ಕೈ ಹಿಡದು ಎಳಕೊಂಡು ಬಂದು ನಿಲ್ಲಿಸಿದ್ರು." ಹೆಸರೂ ಹೇಳಿದ್ರು, ಅವರ ಬೂಂದಿ ಲಾಡು ಹೇಗಿರ್ತಿತ್ತು ಅಂತಾನೂ ಹೇಳಿದ್ರು. ಆ ಪುಟದ ರಟ್ಟಿಗೆ ಅದಕ್ಕೆ ಮುಂಚೆ ಹೂಬಳ್ಳಿ ಯೋಚನೆ ಇತ್ತು. ಮಾತು ಮುಗಿದ ಮೇಲೆ ಒಂದು ಸೌಟು, ಒಂದು ಹಂಡೆ ಕತ್ತರಿಸಿದೆ. ಈಗ ಮಗಳು ಆಲ್ಬಮ್ ತೆಗೆದವಳೇ ಮೊದಲು ಬೆರಳಿಡೋದು ಆ ಸೌಟಿನ ಮೇಲೆ, ಕತೆ ಹೇಳೋದೂ ಅವಳೇ.

ಹಾಗಾಗಿ ನನ್ನ ಮಾತು ಇಷ್ಟೇ. ಪ್ಯಾಕೆಟ್‌ನಲ್ಲಿ ಬರೋ ಚಿಟ್ಟೆ, ಹೃದಯ, "ಫ್ಯಾಮಿಲಿ ಫಾರೆವರ್" ಬೋರ್ಡುಗಳು ಚೆನ್ನಾಗೇ ಇರ್ತವೆ, ಆದರೆ ಅವು ಯಾರ ಮನೆಯ ಆಲ್ಬಮ್‌ಗಾದ್ರೂ ಆಗುತ್ತೆ. ನಿಮ್ಮ ಪುಟದ ರಟ್ಟಿನ ಆಕಾರ ನಿಮಗೆ ಸಿಕ್ಕ ಉತ್ತರದಿಂದ ಹುಟ್ಟಲಿ. ಅಜ್ಜ ಪೋಸ್ಟ್‌ಮ್ಯಾನ್ ಆಗಿದ್ರೆ ಸೈಕಲ್. ಹಿತ್ತಲಲ್ಲಿ ಹಲಸಿನ ಮರ ಇತ್ತಾ, ಹಲಸಿನ ಹಣ್ಣು. ಬಣ್ಣಾನೂ ಅಲ್ಲಿಂದಲೇ ಬರಲಿ: ಹೊಸ್ತಿಲಿನ ಕೆಮ್ಮಣ್ಣು, ಇಳಕಲ್ ಸೀರೆಯ ಸೆರಗಿನ ಕೆಂಪು, ಅಡಿಕೆ ಸೋಗೆಯ ಕಂದು. ಉಬ್ಬಿದ ಚಿತ್ತಾರ ಬೇಕಾದ್ರೆ ಜೆಸೋಗೆ ಜರಡಿ ಹಿಡಿದ ಚಾಕ್‌ಪುಡಿ ಕಲಸಿ ದಪ್ಪ ಮಾಡಿ, ರಂಗೋಲಿ ಅಚ್ಚಿನ ಮೇಲಿಂದ ಸವರಿ. ಒಣಗಿದ ಮೇಲೆ ಉಬ್ಬಿನ ಮೇಲಷ್ಟೇ ಬೆರಳ ತುದಿಯಿಂದ ಬಂಗಾರದ ಬಣ್ಣ ತಾಕಿಸಿ. ಮೈಸೂರು ಸಾಂಪ್ರದಾಯಿಕ ಚಿತ್ರಗಳಲ್ಲಿ ಉಬ್ಬು ಕೆಲಸದ ಮೇಲೆ ಚಿನ್ನದ ರೇಕು ಕೂರಿಸ್ತಾರಲ್ಲ, ಅದರ ಬಡ ತಂಗಿ ಇದು.

ಕನ್ನಡ ಅಕ್ಷರಗಳನ್ನ ರಟ್ಟಿನಲ್ಲಿ ಕತ್ತರಿಸೋ ಆಸೆ ಎಲ್ಲರಿಗೂ ಇರುತ್ತೆ. ಅದರಲ್ಲೊಂದು ತೊಡಕಿದೆ. ಹಿಂದಿ ಅಕ್ಷರಗಳಿಗೆ ಮೇಲೊಂದು ಗೆರೆ ಇರೋದ್ರಿಂದ ಇಡೀ ಪದ ಒಂದೇ ತುಂಡಾಗಿ ಬರುತ್ತೆ. ನಮ್ಮಲ್ಲಿ ಹಾಗಲ್ಲ. "ಅಜ್ಜಿ" ಕತ್ತರಿಸಿದ್ರೆ ಅ ಒಂದು ಕಡೆ, ಜಿ ಒಂದು ಕಡೆ, ಕೆಳಗಿನ ಒತ್ತು ನೆಲಕ್ಕೆ. ಪರಿಹಾರ ಸುಲಭ. ಪದದ ಸುತ್ತ ಮೂರ್ನಾಲ್ಕು ಎಂಎಂ ಜಾಗ ಬಿಟ್ಟು ಒಟ್ಟು ಹೊರಗೆರೆ ಎಳೀರಿ, ಆ ಹೊರಗೆರೆಯನ್ನಷ್ಟೇ ಕತ್ತರಿಸಿ, ಅಕ್ಷರಗಳನ್ನ ಮೇಲೆ ಬಣ್ಣದಲ್ಲಿ ಬರೀರಿ. ಲೇಸರ್ ಕಟಿಂಗ್‌ಗೆ ಕೊಡೋದಾದ್ರೆ ಇನ್ನೊಂದು ಎಚ್ಚರ. ಅವರ ಕಂಪ್ಯೂಟರ್‌ನಲ್ಲಿ ಕನ್ನಡ ಫಾಂಟ್ ಇರಲ್ಲ, ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ ಆಗುತ್ತೆ. ಮನೆಯಲ್ಲೇ ಇಂಕ್‌ಸ್ಕೇಪ್‌ನಲ್ಲಿ ಟೈಪ್ ಮಾಡಿ, ಅಕ್ಷರವನ್ನ ಪಾತ್ ಆಗಿ ಬದಲಾಯಿಸಿ, ಎಸ್‌ವಿಜಿ ಫೈಲ್ ಕೊಡಿ. ಬಾಲೂ ತಮ್ಮ ಫಾಂಟ್ ಉಚಿತವಾಗಿ ಸಿಗುತ್ತೆ, ಗೆರೆ ದಪ್ಪ ಇದೆ, ಕತ್ತರಿಸೋಕೆ ಹೇಳಿಮಾಡಿಸಿದ ಹಾಗಿದೆ. ದಿನಾ ಡಿಪ್ಲಾಯ್‌ಮೆಂಟ್ ಮಾಡೋರಿಗೆ ಇದೇನು ದೊಡ್ಡ ಕೆಲಸ ಅಲ್ಲ, ಬಿಡಿ.

ಜೋಡಿಸುವಾಗ ಮೊದಲು ಅಂಟಿಲ್ಲದೆ ಎಲ್ಲಾ ಇಟ್ಟು ನೋಡಿ, ಫೋನಲ್ಲಿ ಒಂದು ಫೋಟೋ ತೆಗೀರಿ. ಮೊದಲು ಕಣ್ಣು ಹೋಗೋದು ಮುಖದ ಮೇಲಾ, ರಟ್ಟಿನ ಮೇಲಾ? ರಟ್ಟಿನ ಮೇಲೆ ಹೋದ್ರೆ ಒಂದೆರಡು ತುಂಡು ತೆಗೀರಿ. ಅಂಟು ತೆಳ್ಳಗಿರಲಿ, ಬಿಳಿ ಫೆವಿಕಾಲ್ ಸಾಕು. ರಟ್ಟು ಇರೋ ಪುಟ ದಪ್ಪ ಆಗೋದ್ರಿಂದ ಆಲ್ಬಮ್ ಬಾಯಿ ತೆರೆದುಕೊಂಡು ನಿಲ್ಲುತ್ತೆ. ಹೊಲಿಗೆ ಕಡೆ, ಪುಟ ಪುಟದ ನಡುವೆ ಒಂದಿಂಚು ಅಗಲದ ರಟ್ಟಿನ ಪಟ್ಟಿ ಕೊಟ್ರೆ ಸರಿಹೋಗುತ್ತೆ.

ದೆಹಲಿ ಹವಾಮಾನಕ್ಕೂ ಒಂದು ಮಾತು. ಮೇ, ಜೂನ್ ಬಿಸಿಗಾಳಿಯಲ್ಲಿ ಬಣ್ಣ ಕುಂಚದಲ್ಲೇ ಒಣಗುತ್ತೆ, ಸ್ವಲ್ಪ ಸ್ವಲ್ಪವೇ ತಟ್ಟೆಗೆ ಹಾಕಿಕೊಳ್ಳಿ. ಕೂಲರ್ ಇರೋ ಕೋಣೆಯಲ್ಲಿ ಆಲ್ಬಮ್ ಇಡಬೇಡಿ. ಅದರ ತೇವಕ್ಕೆ ಪುಟ ಅಂಟಿಕೊಳ್ಳುತ್ತೆ, ಬೂಸ್ಟು ಹಿಡಿಯುತ್ತೆ. ಮಳೆಗಾಲದಲ್ಲೂ ಅಷ್ಟೇ, ಸಿಲಿಕಾ ಜೆಲ್ ಪೊಟ್ಟಣ ಜೊತೆಗಿರಲಿ. ನವೆಂಬರ್‌ನಲ್ಲಿ ಹೊಗೆ ಕವಿದು ಕಿಟಕಿ ಮುಚ್ಚಿಕೊಂಡು ಕೂತಾಗ ಸ್ಪ್ರೇ ವಾರ್ನಿಶ್ ಬೇಡವೇ ಬೇಡ, ಮನೆಯಲ್ಲಿ ಮಕ್ಕಳಿದ್ದಾರೆ. ನೀರಿನಲ್ಲಿ ಕರಗೋ ವಾರ್ನಿಶ್ ಕುಂಚದಿಂದ ಹಚ್ಚಿ.

ಕೊನೆಯದು ಬರಹ. ಪುಟದಲ್ಲಿ ಎಲ್ಲಕ್ಕಿಂತ ಬೆಲೆ ಬಾಳೋದು ಇದೇ. ಪಿಗ್ಮೆಂಟ್ ಇಂಕ್ ಪೆನ್ ತಗೊಳ್ಳಿ, ಬೇಗ ಮಾಸಲ್ಲ. ಹೆಸರು, ಊರು, ವರ್ಷ, ಜೊತೆಗೆ "ಹೇಳಿದ್ದು ಯಾರು" ಅಂತಾನೂ ಬರೀರಿ. ವರ್ಷ ಖಚಿತ ಇಲ್ಲದಿದ್ರೆ "ಸುಮಾರು" ಅಂತ ಸೇರಿಸಿ. ಅವರು ಹೇಳಿದ ಮಾತನ್ನ ಅವರ ಕನ್ನಡದಲ್ಲೇ ಬಿಡಿ, ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಕುಂದಾಪುರದವರದ್ದು ಕುಂದಾಪುರದ ಹಾಗೇ ಇರಲಿ, ಬೀದರ್‌ನವರದ್ದು ಬೀದರ್ ಹಾಗೆ. ಧ್ವನಿ ರೆಕಾರ್ಡ್ ಮಾಡಿ ಕ್ಯೂಆರ್ ಕೋಡ್ ಅಂಟಿಸೋದು ಒಳ್ಳೆಯ ಐಡಿಯಾ, ಆದರೆ ಲಿಂಕ್ ಇಪ್ಪತ್ತು ವರ್ಷ ಬದುಕುತ್ತೆ ಅಂತ ನಂಬಬೇಡಿ. ಕೈಬರಹವೂ ಇರಲಿ. ಮಕ್ಕಳಿಗೆ ಕನ್ನಡ ಓದೋಕೆ ಬರಲ್ಲ ಅಂತ ಇಂಗ್ಲಿಷಿನಲ್ಲಿ ಮಾತ್ರ ಬರೀಬೇಡಿ. ಕನ್ನಡದಲ್ಲಿ ಬರೆದು, ಕೆಳಗೆ ಸಣ್ಣದಾಗಿ ಅರ್ಥ ಕೊಡಿ. ಸ್ವಂತ ಅಜ್ಜಿಯ ಹೆಸರಿನ ಅಕ್ಷರ ಕಲಿಯೋಕೆ ಯಾವ ಮಗುವೂ ಬೇಜಾರು ಮಾಡಿಕೊಳ್ಳಲ್ಲ.

ಇಡೀ ಆಲ್ಬಮ್ ಅಂದ್ರೆ ಭಯ ಆಗುತ್ತೆ, ಆದ್ದರಿಂದ ಈ ಶನಿವಾರ ಒಂದೇ ಪುಟ ಮಾಡಿ. ಒಂದು ಫೋಟೋ, ಅಂಗೈಯಗಲ ರಟ್ಟು, ಎರಡು ಕೋಟ್ ಜೆಸೋ, ಮಧ್ಯೆ ಊರಿಗೆ ಒಂದು ಫೋನ್. ಅಜ್ಜಿ ಏನು ಹೇಳಿದ್ರು, ಅದಕ್ಕೆ ನೀವು ಯಾವ ಆಕಾರ ಕತ್ತರಿಸಿದ್ರಿ, ನನಗೂ ತಿಳಿಸಿ. ಮುಂದಿನ ಸಲ ಹಳೆಯ ಲಗ್ನಪತ್ರಿಕೆಗಳಿಂದ ಲಕೋಟೆ ಮಾಡೋದು ನೋಡೋಣ.