ಸಿಂಕ್ ಕೆಳಗಿನ ಪಾಷಾಣ

ಇವತ್ತು ರಾಜಕೀಯ ಬೇಡ. ನಿಮ್ಮ ಅಡುಗೆಮನೆ ಸಿಂಕ್ ಕೆಳಗೆ ಏನಿದೆ ಅನ್ನೋದನ್ನ ಮಾತಾಡೋಣ.

2024ರ ನವೆಂಬರ್. ಚೆನ್ನೈ ಪಕ್ಕದ ಕುಂದ್ರತ್ತೂರು. ಇಲಿ ಕಾಟ ಅಂತ ಒಂದು ಮನೆಯವರು ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಿದರು. ಅವರು ಅಲ್ಲಲ್ಲಿ ಪಾಷಾಣ ಇಟ್ಟು ಹೋದರು. ರಾತ್ರಿ ಎಸಿ ಹಾಕಿಕೊಂಡು ಅಪ್ಪ, ಅಮ್ಮ, ಇಬ್ಬರು ಮಕ್ಕಳು ಮಲಗಿದರು. ಬೆಳಗ್ಗೆ ಎಲ್ಲರಿಗೂ ವಾಂತಿ, ಉಸಿರಾಟದ ತೊಂದರೆ. ಅಪ್ಪ ಅಮ್ಮ ಆಸ್ಪತ್ರೆ ಸೇರಿದರು. 6 ವರ್ಷದ ಮಗಳು, 1 ವರ್ಷದ ಮಗ ಉಳಿಯಲಿಲ್ಲ. ಮುಚ್ಚಿದ ಮನೆಯಲ್ಲಿ ತುಂಬಿಕೊಂಡ ವಿಷದ ಗಾಳಿಯೇ ಕಾರಣ ಅನ್ನೋ ಅನುಮಾನ ಬಂತು.

ಆ ಸುದ್ದಿ ಓದಿ ಮನೆಗೆ ಹೋದವನು ಚಪ್ಪಲಿ ಬಿಟ್ಟು ಮೊದಲು ಮಾಡಿದ ಕೆಲಸ, ಸಿಂಕ್ ಕೆಳಗೆ ಬಗ್ಗಿ ನೋಡಿದ್ದು. ಇತ್ತು. ಎರಡು ನೀಲಿ ಬಿಲ್ಲೆ, ಥೇಟ್ ಪೆಪ್ಪರ್‌ಮಿಂಟ್ ತರ. ಯಾವಾಗ ಇಟ್ಟಿದ್ದು ಅಂತ ಮನೇಲಿ ಯಾರಿಗೂ ನೆನಪಿಲ್ಲ!

ಯೋಚನೆ ಮಾಡಿ. ಇಲಿ ಓಡಾಡೋದು ಗೋಡೆ ಮೂಲೆಯಲ್ಲಿ, ಫ್ರಿಜ್ ಹಿಂದೆ, ಮಂಚದ ಕೆಳಗೆ. ಅಂಬೆಗಾಲಿಡೋ ಮಗು ಓಡಾಡೋದೂ ಅಲ್ಲೇ. ಸಿಕ್ಕಿದ್ದನ್ನೆಲ್ಲ ಬಾಯಿಗಿಡೋ ವಯಸ್ಸು ಅದು. ನಾವೋ, ಇಲಿಗೆ ರುಚಿಯಾಗಲಿ ಅಂತ ಪಾಷಾಣವನ್ನು ಬಜ್ಜಿಗೆ, ಟೊಮೇಟೊಗೆ, ಕೊಬ್ಬರಿಗೆ ಸವರಿ ಇಡ್ತೀವಿ. ಅದು ಇಲಿ ಪಾಲು, ನಿನ್ನ ಪಾಲಲ್ಲ ಅಂತ ಮಗುವಿಗೆ ಯಾರು ಹೇಳ್ತಾರೆ?

ಇವುಗಳಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸೋದು ಟ್ಯೂಬ್‌ನಲ್ಲಿ ಬರೋ ಪೇಸ್ಟ್. ನೋಡೋಕೆ ಟೂತ್‌ಪೇಸ್ಟೇ. ಒಳಗಿರೋದು ಹಳದಿ ರಂಜಕ. ಮಗು ಒಂದೆರಡು ಸಲ ವಾಂತಿ ಮಾಡುತ್ತೆ, ಆಮೇಲೆ ಸುಮ್ಮನಾಗುತ್ತೆ. ಆಟ ಆಡುತ್ತೆ, ಊಟ ಮಾಡುತ್ತೆ. ಸದ್ಯ, ದೇವರು ಕಾಪಾಡಿದ ಅಂತ ನಾವು ಕೈ ಮುಗೀತೀವಿ. ಅಷ್ಟರಲ್ಲಿ ಒಳಗೆ ಲಿವರ್ ಹಾಳಾಗ್ತಾ ಇರುತ್ತೆ. ಎರಡು ಮೂರು ದಿನಕ್ಕೆ ಕಣ್ಣು ಹಳದಿ ಆದಾಗ ಆಸ್ಪತ್ರೆಗೆ ಓಡ್ತೀವಿ. ಈ ವಿಷಕ್ಕೆ ಪ್ರತಿವಿಷ ಅಂತ ಇಲ್ಲ. ತಮಿಳುನಾಡು ಇದನ್ನು ನಿಷೇಧಿಸಿದೆ. ನಮ್ಮ ಕಡೆಯ ಅಂಗಡಿಗಳಲ್ಲಿ ಬಿಸ್ಕೆಟ್ ಡಬ್ಬಿ ಪಕ್ಕದಲ್ಲೇ ಇದನ್ನ ಜೋಡಿಸಿಟ್ಟಿದ್ದು ನಾನೇ ನೋಡಿದ್ದೀನಿ. ಕೇಳೋರು ಯಾರು?

ಬಣ್ಣದ ಬಿಲ್ಲೆಗಳ ಕಥೆ ಬೇರೆ. ಅವು ರಕ್ತ ಹೆಪ್ಪುಗಟ್ಟದ ಹಾಗೆ ಮಾಡ್ತವೆ. ಅದೂ ತಕ್ಷಣ ಗೊತ್ತಾಗಲ್ಲ, ದಿನಗಳಾದ ಮೇಲೆ ಮೂಗಲ್ಲಿ, ವಸಡಲ್ಲಿ ರಕ್ತ. ಆದರೆ ಇದಕ್ಕೆ ವಿಟಮಿನ್ ಕೆ ಅನ್ನೋ ಮದ್ದಿದೆ. ಅದಕ್ಕೇ ಮಗು ತಿಂದಿದ್ದು ಯಾವುದು ಅಂತ ಡಾಕ್ಟರಿಗೆ ಗೊತ್ತಾಗಲೇಬೇಕು. ಖಾಲಿ ಪ್ಯಾಕೆಟ್ಟೇ ಆಗಲಿ, ಹರಿದ ಟ್ಯೂಬೇ ಆಗಲಿ, ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಇನ್ನೊಂದು ಮಾತು, ಇದನ್ನ ಮನೆಯ ಅಜ್ಜಿಯರಿಗೂ ಹೇಳಿ. ವಿಷ ಅಂದ ಕೂಡಲೇ ಹಾಲು ಕುಡಿಸೋದು, ಎಣ್ಣೆ ಕುಡಿಸೋದು, ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋದು ನಮ್ಮಲ್ಲಿ ರೂಢಿ. ಬೇಡಿ. ಹಾಲು, ಎಣ್ಣೆಯ ಜಿಡ್ಡಿನಲ್ಲಿ ರಂಜಕ ಕರಗಿ ಇನ್ನೂ ಬೇಗ ಮೈಗೆ ಹತ್ತುತ್ತೆ. ವಾಂತಿ ಮಾಡಿಸೋಕೆ ಹೋದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಬಾಯಲ್ಲಿ ಉಳಿದಿದ್ದನ್ನ ಒರೆಸಿ ತೆಗೆದು, 108ಕ್ಕೆ ಕರೆ ಮಾಡಿ. ದಿಲ್ಲಿಯ ಏಮ್ಸ್‌ನಲ್ಲಿ ವಿಷದ ಮಾಹಿತಿಗೇ ಒಂದು ಕೇಂದ್ರ ಇದೆ, 1800 116 117, ದುಡ್ಡು ಕೊಡಬೇಕಿಲ್ಲ. ಮಗು ಆಟ ಆಡ್ತಾ ಇದ್ದರೂ ಆಸ್ಪತ್ರೆಗೆ ಹೋಗಿ. ಅಲ್ಲಿಯವರು ಒಂದೆರಡು ದಿನ ಇರಿ ಅಂದರೆ, ಚೆನ್ನಾಗಿದ್ದಾನಲ್ಲ ಅಂತ ಹಟ ಮಾಡಿ ಕರ್ಕೊಂಡು ಬರಬೇಡಿ.

ನಮ್ಮನೆ ಸಿಂಕ್ ಕೆಳಗೆ ಈಗ ಇಲಿ ಬೋನಿದೆ. ಪೈಪ್ ಪಕ್ಕದ ತೂತಿಗೆ ಸಿಮೆಂಟ್ ಹಾಕಿಸಿದ್ದೀನಿ. ಮೊನ್ನೆ ಒಂದು ಬಿತ್ತು. ಅದನ್ನ ಎಲ್ಲಿಗೆ ಬಿಡೋದು ಅನ್ನೋದರ ಮೇಲೆ ಮನೇಲಿ ಇನ್ನೂ ಜಗಳ ನಡೀತಿದೆ.