ಹಳೆಯ ಶೀಟು ಇಳಿಸುವ ಮುನ್ನ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾವು ಎಂಟನೇ ತರಗತಿ ಓದಿದ ಕೊಠಡಿಯ ಶೀಟುಗಳನ್ನು ಬರುವ ಭಾನುವಾರ ಶ್ರಮದಾನದಲ್ಲಿ ಇಳಿಸೋಣವೆಂದು ಈಗಷ್ಟೇ ಮಾತು ಬಂತು. ಅದಕ್ಕೇ ಎದ್ದು ನಿಂತೆ.

ಆರು ವರ್ಷದ ಹಿಂದೆ ನಮ್ಮ ಕೊಟ್ಟಿಗೆಯ ಸಿಮೆಂಟ್ ಶೀಟುಗಳನ್ನು ನಾನೇ ಇಳಿಸಿದೆ. ಕೂಲಿ ಉಳಿಯಿತೆಂಬ ಖುಷಿ. ತುಕ್ಕು ಹಿಡಿದ ಬೋಲ್ಟು ಬಿಚ್ಚಲಾಗದೆ ಸುತ್ತಿಗೆಯಿಂದ ಒಡೆದು ಕೆಳಗೆಸೆದೆ. ಮಗಳು ಚೂರು ಆಯ್ದಳು. ಹೆಂಡತಿ ಧೂಳು ಗುಡಿಸಿ, ನನ್ನ ಅಂಗಿ ಕೊಡವಿ ಒಗೆದಳು. ಉಳಿದ ಚೂರನ್ನು ಬಾಗಿಲ ಮುಂದಿನ ಕೆಸರಿಗೆ ಹಾಕಿ ತುಳಿದೆವು. ಅದರಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಇರುತ್ತದೆಂದು ತಿಳಿದದ್ದು ಆಮೇಲೆ.

ಗಟ್ಟಿಯಾಗಿ ಚಾವಣಿಯಲ್ಲೇ ಇದ್ದರೆ ಅಪಾಯ ಕಡಿಮೆ. ಒಡೆದರೆ, ಕೊರೆದರೆ ಕಣ್ಣಿಗೆ ಕಾಣದ ಎಳೆಗಳು ಗಾಳಿಗೇರಿ ಶ್ವಾಸಕೋಶ ಸೇರುತ್ತವೆ. ಮೂಗಿಗೆ ಟವೆಲ್ ಕಟ್ಟಿದರೆ ತಡೆಯುವಂಥದ್ದಲ್ಲ. ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 40 ವರ್ಷ ಹಿಡಿಯಬಹುದು. ಒಂದು ದಿನದ ಧೂಳಿಗೆ ಕಾಯಿಲೆ ಬಂದೇ ಬರುತ್ತದೆಂದಲ್ಲ. ಆದರೂ ಮಗಳಿಗೆ ಆಗ ಒಂಬತ್ತು ವರ್ಷ. ನಾನು ಲೆಕ್ಕ ಹಾಕುತ್ತಲೇ ಇರುತ್ತೇನೆ.

ಆ ಕೊಠಡಿಯ ಶೀಟು ಬಿರುಕು ಬಿಟ್ಟಿದೆ, ಇಳಿಸಲೇಬೇಕು, ಒಪ್ಪುತ್ತೇನೆ. ಹತ್ತಿದವನ ಕಾಲು ಒಳಗಿಳಿದರೆ ಇನ್ನೊಂದು ಅನಾಹುತ. ಶಾಲೆಗೆ ರಜೆ ಇರುವಾಗ, ಈ ಕೆಲಸ ಬಲ್ಲವರನ್ನೇ ಕರೆಸೋಣ. ನೀರಿನಲ್ಲಿ ತೋಯಿಸಿ ಇಡಿಯಾಗಿ ಇಳಿಸಲಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸಾಗಿಸಲಿ. ಆ ಖರ್ಚಿಗೆ ನನ್ನ ಪಾಲಿನ 10,000 ರೂಪಾಯಿಯನ್ನು ಮುಖ್ಯೋಪಾಧ್ಯಾಯರಿಗೆ ಈಗಲೇ ಕೊಡುತ್ತಿದ್ದೇನೆ. ಭಾನುವಾರ ಬೇಕಾದರೆ ಎಲ್ಲರೂ ಸೇರಿ ಕಾಂಪೌಂಡಿಗೆ ಸುಣ್ಣ ಬಳಿಯೋಣ.